ಹಳೇ ಫ್ಲಾಪಿ ಡ್ರೈವ್, ಹೊಸ ಕಂಪ್ಯೂಟರ್: ಕೊಡಗಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡಿರುವ ನನ್ನ ಮೇಜಿಗೆ ಈಗಲೂ ಫ್ಲಾಪಿಗಳು, ಅಂದರೆ ಪೆನ್ ಡ್ರೈವಿಗೆ ಮೊದಲು ಫೈಲು ತುಂಬಿಡುತ್ತಿದ್ದ ತೆಳು ಡಿಸ್ಕುಗಳು, ಬರ್ತವೆ. ಕೆಲವು ಐನ್‌ಮನೆಯ (ಕೊಡವರ ಮೂಲಮನೆ) ಅಟ್ಟ ಗುಡಿಸುವಾಗ ಸಿಕ್ಕವು. ಕೆಲವು ತೋಟದ ಲೆಕ್ಕ ಬರೆಯುವ ರೈಟರ್ ನಿವೃತ್ತಿಯಾಗಿ ಹೋದ ಮೇಲೆ ಬೀರುವಿನ ಮೂಲೆಯಲ್ಲಿ ಕಂಡವು. ಯಾವುದೋ ಸಂಘದ ಸ್ಮರಣ ಸಂಚಿಕೆಗೆಂದು ಟೈಪ್ ಮಾಡಿಸಿ ಮರೆತವೂ ಉಂಟು. ಎಲ್ಲರ ಕಾಫಿಯನ್ನೂ ಒಟ್ಟು ಮಾಡಿ ಬೋರ್ಡೇ ಮಾರುವ ಕಾಫಿ ಬೋರ್ಡಿನ ಪೂಲ್ ಪದ್ಧತಿ 1996ರ ಹೊತ್ತಿಗೆ ಮುಗಿದು, ಬೆಳೆಗಾರರೇ ತಮ್ಮ ಕಾಫಿ ಮಾರಿಕೊಳ್ಳುವ ಕಾಲ ಬಂತಲ್ಲ, ನನಗೆ ಗೊತ್ತಿರುವ ಹಲವು ತೋಟಗಳಿಗೆ ಕಂಪ್ಯೂಟರ್ ಬಂದದ್ದು ಆ ಆಸುಪಾಸಿನಲ್ಲೇ. ಬಟವಾಡೆ, ಹಾಜರಿ, ಚೆರ್ರಿ ತೂಕ ಎಲ್ಲ ಫ್ಲಾಪಿಗೆ ಹೋಯಿತು.

ಎಲ್ಲರೂ ಮೊದಲು ಕೇಳುವುದು ಹಳೇ ಫ್ಲಾಪಿ ಡ್ರೈವನ್ನು ಹೊಸ ಕಂಪ್ಯೂಟರಿಗೆ ಜೋಡಿಸುವ ವಯರಿನ ಬಗ್ಗೆ. ನನ್ನ ಅನುಭವದಲ್ಲಿ ಕೊಡಗಿನಲ್ಲಿ ವಯರು ಸಮಸ್ಯೆಯೇ ಅಲ್ಲ, ಬೂಷ್ಟು ಸಮಸ್ಯೆ. ಆದರೂ ಕೇಳಿದ ಕ್ರಮದಲ್ಲೇ ಹೇಳ್ತೇನೆ.

ನನ್ನ ಹತ್ತಿರ ಇರುವುದು ಯಾವ ಫ್ಲಾಪಿ ಅಂತ ತಿಳಿಯುವುದು ಹೇಗೆ?

ಗಟ್ಟಿ ಪ್ಲಾಸ್ಟಿಕ್ಕಿನ ಚಿಪ್ಪು, ಮೇಲೆ ಸರಿಯುವ ಲೋಹದ ಮುಚ್ಚಳ ಇದ್ದರೆ ಮೂರೂವರೆ ಇಂಚಿನದು. ಬಾಗುವ ಕರಿ ಲಕೋಟೆಯಂತಿದ್ದು ನಡುವೆ ದೊಡ್ಡ ತೂತಿದ್ದರೆ ಐದೂಕಾಲು ಇಂಚಿನದು. ಎಂಟು ಇಂಚಿನದೂ ಇತ್ತು; ಐಬಿಎಂ 1971ರಲ್ಲಿ ತಂದದ್ದು ಅದನ್ನೇ. ಆದರೆ ಈ ಊರಲ್ಲಿ ನಾನು ಒಂದನ್ನೂ ನೋಡಿಲ್ಲ.

ಮೂರೂವರೆ ಇಂಚಿನದರಲ್ಲಿ ಎರಡು ಜಾತಿ. ಎರಡು ಮೂಲೆಗಳಲ್ಲೂ ಚೌಕ ತೂತಿದ್ದರೆ 1.44 ಎಂಬಿ. ಒಂದೇ ಮೂಲೆಯಲ್ಲಿ ತೂತಿದ್ದರೆ 720 ಕೆಬಿ. ಐದೂಕಾಲು ಇಂಚಿನದರಲ್ಲಿ 360 ಕೆಬಿ ಮತ್ತು 1.2 ಎಂಬಿ ಅಂತ ಎರಡು ಉಂಟು, ಅವನ್ನು ಹೊರಗಿಂದ ನೋಡಿ ಗುರುತಿಸುವುದು ಕಷ್ಟ. ಲೇಬಲ್ ನಂಬಬೇಕು, ಇಲ್ಲ ಓದಿ ನೋಡಬೇಕು.

1.44 ಅನ್ನುವುದೂ ಒಂದು ತಮಾಷೆಯ ಲೆಕ್ಕ. ಒಂದು ಬದಿಗೆ 80 ಟ್ರ್ಯಾಕ್ (ಸುತ್ತು), ಎರಡು ಬದಿ, ಟ್ರ್ಯಾಕಿಗೆ 18 ಸೆಕ್ಟರ್ (ಸುತ್ತಿನ ತುಂಡು), ಸೆಕ್ಟರಿಗೆ 512 ಬೈಟ್. ಗುಣಿಸಿದರೆ 14,74,560 ಬೈಟ್. ಸಾವಿರದ ಲೆಕ್ಕ ಹಿಡಿದರೂ 1.44 ಬರಲ್ಲ, 1024ರ ಲೆಕ್ಕ ಹಿಡಿದರೂ ಬರಲ್ಲ. ಎರಡನ್ನೂ ಬೆರೆಸಿದರೆ ಮಾತ್ರ ಬರ್ತದೆ.

ಎಲ್ಲಕ್ಕಿಂತ ಸುಲಭದ ದಾರಿ ಯಾವುದು?

ಮೂರೂವರೆ ಇಂಚಿನ ಫ್ಲಾಪಿಗಾದರೆ ಯುಎಸ್‌ಬಿ ಫ್ಲಾಪಿ ಡ್ರೈವ್. ಚುಚ್ಚಿದರೆ ಆಯಿತು, ವಿಂಡೋಸ್ 10, 11 ಎರಡರಲ್ಲೂ ತಾನಾಗಿ 'ಎ' ಡ್ರೈವ್ ಆಗಿ ಕಾಣಿಸ್ತದೆ. ಬೇರೆ ಡ್ರೈವರ್ ಹುಡುಕಬೇಕಾಗಿಲ್ಲ. ಲಿನಕ್ಸಿನಲ್ಲಿ ಪೆನ್ ಡ್ರೈವಿನ ಹಾಗೆ ಬರ್ತದೆ. ಸಾಧ್ಯವಾದರೆ ಹಬ್ ಮಧ್ಯೆ ಹಾಕದೆ ನೇರ ಕಂಪ್ಯೂಟರಿಗೇ ಚುಚ್ಚಿ, ಮೋಟಾರು ತಿರುಗುವಾಗ ಕರೆಂಟ್ ಸಾಲದೆ ಕೈಕೊಡುವುದುಂಟು.

ಇದರ ಮಿತಿ ಗೊತ್ತಿರಲಿ. ಇದು ಓದುವುದು ಪಿಸಿ ರೀತಿ ಫಾರ್ಮ್ಯಾಟ್ ಆದ ಡಿಸ್ಕ್ ಮಾತ್ರ. ಹಳೇ ಮ್ಯಾಕಿನ 400, 800 ಕೆಬಿ ಡಿಸ್ಕ್, ಅಮಿಗಾ ಅನ್ನುವ ಹಳೇ ಕಂಪ್ಯೂಟರಿನ ಡಿಸ್ಕ್ ಇದರ ಕೈಗೆ ಸಿಗಲ್ಲ. 720 ಕೆಬಿಯನ್ನು ಕೆಲವು ಡ್ರೈವ್ ಓದ್ತವೆ, ಕೆಲವು ಓದಲ್ಲ. ಡಬ್ಬದ ಮೇಲೆ ಬರೆದದ್ದನ್ನು ನಂಬಿ ಮೋಸಹೋಗಬೇಡಿ, ಹಾಕಿಯೇ ನೋಡಿ.

ಹಳೇ ಕಂಪ್ಯೂಟರಿನಿಂದ ಬಿಚ್ಚಿದ ಡ್ರೈವ್ ಉಂಟು. ಹಾರ್ಡ್ ಡಿಸ್ಕಿಗೆ ಬಳಸುವ ಐಡಿಇ ಟು ಯುಎಸ್‌ಬಿ ಕನ್ವರ್ಟರ್ ಹಾಕಿದರೆ ಆಗಲ್ವಾ?

ಆಗಲ್ಲ. ನೋಡಲು ಎರಡೂ ಒಂದೇ ಥರದ ಚಪ್ಪಟೆ ಕೇಬಲ್ಲು, ಆದರೆ ಐಡಿಇಗೆ 40 ಪಿನ್, ಫ್ಲಾಪಿಗೆ 34. ಪಿನ್ ಲೆಕ್ಕ ಬಿಡಿ, ಒಳಗಿನ ಮಾತೇ ಬೇರೆ. ಹಾರ್ಡ್ ಡಿಸ್ಕಿಗೆ ಬುದ್ಧಿ ಅದರ ಮೈಯಲ್ಲೇ ಉಂಟು, "ಇಂಥ ಸೆಕ್ಟರ್ ಕೊಡು" ಅಂದರೆ ಕೊಡ್ತದೆ. ಫ್ಲಾಪಿ ಡ್ರೈವ್ ಹಾಗಲ್ಲ. ಮೋಟಾರು ತಿರುಗಿಸು, ಡಿಸ್ಕ್ ಓದುವ ಹೆಡ್ಡನ್ನು ಒಂದು ಹೆಜ್ಜೆ ಸರಿಸು ಅಂತ ಪ್ರತಿಯೊಂದನ್ನೂ ಹೇಳಿ ಮಾಡಿಸಬೇಕು. ಹೆಡ್ಡಿಗೆ ಸಿಕ್ಕಿದ ಮಿಡಿತಗಳನ್ನು ಹಾಗೇ ವಯರಿಗೆ ಬಿಡ್ತದೆ. ಅದನ್ನು ಬೈಟ್ ಮಾಡುವ ಕೆಲಸ ಮದರ್‌ಬೋರ್ಡಿನಲ್ಲಿದ್ದ ಕಂಟ್ರೋಲರಿನದು. ಈಗಿನ ಮದರ್‌ಬೋರ್ಡಿನಲ್ಲಿ ಆ ಕಂಟ್ರೋಲರೇ ಇಲ್ಲ.

ಆದರೆ ಆ ಐಡಿಇ ಕಿಟ್ ಎಸೆಯಬೇಡಿ. ಅದರ ಜೊತೆ ಬರುವ ಪವರ್ ಅಡಾಪ್ಟರ್ 12 ವೋಲ್ಟ್, 5 ವೋಲ್ಟ್ ಎರಡೂ ಕೊಡ್ತದೆ. ಮುಂದೆ ಬೇಕಾಗ್ತದೆ.

ಹಾಗಾದರೆ ಬಿಚ್ಚಿದ ಡ್ರೈವನ್ನು ಜೋಡಿಸುವುದು ಹೇಗೆ?

ಎರಡು ದಾರಿ. ಒಂದು, 34 ಪಿನ್ನಿಗೆ ಸಿಕ್ಕಿಸುವ ಅಗ್ಗದ ಯುಎಸ್‌ಬಿ ಬೋರ್ಡು. ಅದು ಮೂರೂವರೆ ಇಂಚಿನ ಡ್ರೈವಿಗೆ ಮಾತ್ರ ಲೆಕ್ಕ, ಯುಎಸ್‌ಬಿ ಡ್ರೈವಿಗೆ ಇರುವ ಮಿತಿಗಳೇ ಇದಕ್ಕೂ. ನನಗೆ ಅದರ ಮೇಲೆ ದೊಡ್ಡ ಪ್ರೀತಿ ಇಲ್ಲ.

ಇನ್ನೊಂದು, ಗ್ರೀಸ್‌ವೀಸಲ್. ಕೀರ್ ಫ್ರೇಸರ್ ಎಂಬವರು ಮಾಡಿ ಎಲ್ಲರಿಗೂ ಮುಕ್ತವಾಗಿ ಬಿಟ್ಟ ವಿನ್ಯಾಸ ಇದು. ಅಂಗೈಗಿಂತ ಚಿಕ್ಕ ಬೋರ್ಡು; ಒಂದು ಕಡೆ ಯುಎಸ್‌ಬಿ, ಇನ್ನೊಂದು ಕಡೆ 34 ಪಿನ್. ಕ್ರಯೋಫ್ಲಕ್ಸ್, ಸೂಪರ್‌ಕಾರ್ಡ್ ಪ್ರೋ, ಫ್ಲಕ್ಸ್‌ಎಂಜಿನ್ ಕೂಡ ಇದೇ ಜಾತಿಯವು. ಇವು ಫೈಲು, ಸೆಕ್ಟರು ಅಂತ ನೋಡುವುದೇ ಇಲ್ಲ. ಡಿಸ್ಕಿನ ಮೇಲೆ ಕಾಂತದ ದಿಕ್ಕು ಎಲ್ಲೆಲ್ಲಿ ಬದಲಾಗಿದೆ ಅನ್ನುವುದನ್ನು ಕಾಲದ ಲೆಕ್ಕದಲ್ಲಿ ಬರೆದುಕೊಳ್ತವೆ. ಅರ್ಥ ಮಾಡುವ ಕೆಲಸ ಆಮೇಲೆ ಕಂಪ್ಯೂಟರಿನಲ್ಲಿ. ಹಾಗಾಗಿ ಪಿಸಿ, ಅಮಿಗಾ, ಹಳೇ ಮ್ಯಾಕ್ ಅನ್ನುವ ಭೇದ ಕಡಿಮೆ, ಅರ್ಧ ಹಾಳಾದ ಡಿಸ್ಕಿನಿಂದಲೂ ಹೆಚ್ಚು ಹೆಕ್ಕಬಹುದು.

ಒಂದು ಗೊಂದಲ ಎಲ್ಲರಿಗೂ ಆಗ್ತದೆ: ಗ್ರೀಸ್‌ವೀಸಲ್ ಜೋಡಿಸಿದರೆ 'ಎ' ಡ್ರೈವ್ ಕಾಣಿಸಲ್ಲ. "ಸಾರ್, ಹಾಕಿದೆ, ಏನೂ ಬರ್ಲಿಲ್ಲ" ಅಂತ ಫೋನು. ಅದು ಇಡೀ ಡಿಸ್ಕನ್ನು ಒಂದು ಇಮೇಜ್ ಫೈಲ್ ಮಾಡಿಕೊಡ್ತದೆ. ಆ ಇಮೇಜನ್ನು ಸೆವೆನ್‌ಜಿಪ್‌ನಂಥ ತಂತ್ರಾಂಶದಲ್ಲಿ ತೆರೆದರೆ ಒಳಗಿನ ಫೈಲುಗಳು ಸಿಗ್ತವೆ.

ಕೇಬಲ್ಲಿನ ನಡುವೆ ಕೆಲವು ಎಳೆ ತಿರುಚಿಕೊಂಡಿದೆ. ಹಾಳಾಗಿದೆಯಾ?

ಇಲ್ಲ, ಬೇಕೆಂದೇ ಹಾಗೆ ಮಾಡಿದ್ದು. 10ರಿಂದ 16ರವರೆಗಿನ ಎಳೆಗಳು ತಿರುಚಿರ್ತವೆ. ತಿರುಚಿನ ಆಚೆ ತುದಿಯಲ್ಲಿ ಕಟ್ಟಿದ್ದು ಎ ಡ್ರೈವ್, ಈಚೆ ಕಟ್ಟಿದ್ದು ಬಿ ಡ್ರೈವ್. ನೀವು ತುದಿಗೇ ಕಟ್ಟಿ. ಕೆಂಪು ಅಂಚು ಒಂದನೇ ಪಿನ್ನಿನ ಕಡೆ.

ಡ್ರೈವಿನ ಹಸಿರು ದೀಪ ಆರುವುದೇ ಇಲ್ಲ.

ಕೇಬಲ್ ಉಲ್ಟಾ ಹಾಕಿದ್ದೀರಿ. ತಿರುಗಿಸಿ ಹಾಕಿ.

ಪವರ್ ಎಲ್ಲಿಂದ ಕೊಡುವುದು?

ಮೂರೂವರೆ ಇಂಚಿನದಕ್ಕೆ ಬಹುಪಾಲು 5 ವೋಲ್ಟ್ ಸಾಕು, ಚಿಕ್ಕ ನಾಲ್ಕು ಪಿನ್ನಿನ ಕನೆಕ್ಟರು. ಐದೂಕಾಲು ಇಂಚಿನದಕ್ಕೆ 12 ವೋಲ್ಟೂ ಬೇಕು, ಹಳೇ ಹಾರ್ಡ್ ಡಿಸ್ಕಿನ ದೊಡ್ಡ ಕನೆಕ್ಟರೇ ಅದಕ್ಕೂ ಬರ್ತದೆ. ಮೇಲೆ ಹೇಳಿದ ಐಡಿಇ ಕಿಟ್ಟಿನ ಅಡಾಪ್ಟರ್ ಇಲ್ಲಿ ಕೆಲಸಕ್ಕೆ ಬಂತು ನೋಡಿ. ಅದಿಲ್ಲದಿದ್ದರೆ ಹಳೇ ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿನ ಪವರ್ ಡಬ್ಬ. ದೊಡ್ಡ ಕನೆಕ್ಟರಿನ ಹಸಿರು ವಯರನ್ನು ಪಕ್ಕದ ಕಪ್ಪು ವಯರಿಗೆ ಸೇರಿಸಿದರೆ ಮದರ್‌ಬೋರ್ಡ್ ಇಲ್ಲದೆಯೂ ಆನ್ ಆಗ್ತದೆ. ಎಸ್‌ಎಂಪಿಎಸ್‌ನ ಡಬ್ಬ ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಶಾಕ್ ಹೊಡೆಯುವಷ್ಟು ಉಳಿದಿರ್ತದೆ.

ಮಳೆಗಾಲದಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಕರೆಂಟ್ ಹೋಗುವುದು ಬರುವುದು ನಮಗೆ ಅಭ್ಯಾಸ, ಡ್ರೈವಿಗೆ ಅಲ್ಲ.

ಐದೂಕಾಲು ಇಂಚಿನ ಡ್ರೈವ್ ಎಲ್ಲಿ ಸಿಗ್ತದೆ?

ಹೊಸದು ಇಲ್ಲ. ಯುಎಸ್‌ಬಿಗೆ ನೇರ ಚುಚ್ಚುವ ಐದೂಕಾಲು ಇಂಚಿನ ಡ್ರೈವನ್ನು ನಾನು ಕಂಡಿಲ್ಲ. ಹಳೇ ಡ್ರೈವ್ ಮತ್ತು ಗ್ರೀಸ್‌ವೀಸಲ್ ಜೋಡಿಯೇ ಗತಿ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ತಾಳ್ಮೆಯಿಂದ ಹುಡುಕಿ. ಅದಕ್ಕೂ ಮೊದಲು ಕುಶಾಲನಗರ, ಗೋಣಿಕೊಪ್ಪದ ಗುಜರಿ ಅಂಗಡಿಗಳಲ್ಲಿ ಕೇಳಿ. ನನ್ನ ಎರಡನೇ ಡ್ರೈವ್ ಸಿಕ್ಕಿದ್ದು ಗುಜರಿಯಲ್ಲಿ, ತಕ್ಕಡಿಯಲ್ಲಿ ತೂಗಿ ಕೊಟ್ಟರು.

ಆಯ್ಕೆ ಇದ್ದರೆ 1.2 ಎಂಬಿ ಡ್ರೈವ್ ತಗೊಳ್ಳಿ, 360 ಕೆಬಿ ಡಿಸ್ಕನ್ನೂ ಓದ್ತದೆ. ಆದರೆ ಅದರಲ್ಲಿ 360ರ ಡಿಸ್ಕಿಗೆ ಬರೆಯಬೇಡಿ. ಇದರ ಹೆಡ್ಡು ಸಪೂರ, ಗೀರುವ ಗೆರೆಯೂ ಸಪೂರ. ಅಗಲ ಹೆಡ್ಡಿನ ಹಳೇ ಡ್ರೈವಿಗೆ ಪಕ್ಕದಲ್ಲಿ ಉಳಿದ ಹಳೇ ಗುರುತೂ ಸೇರಿ ಕಾಣಿಸಿ ಗಲಿಬಿಲಿಯಾಗ್ತದೆ.

ಬೂಷ್ಟು ಹಿಡಿದಿದೆಯಾ ಅಂತ ಹೇಗೆ ನೋಡುವುದು? ಹಿಡಿದಿದ್ದರೆ ಏನು ಮಾಡುವುದು?

ಇಡೀ ಪುಟದಲ್ಲಿ ಇದೊಂದನ್ನು ಓದಿದರೂ ಸಾಕು.

ಮಡಿಕೇರಿಯಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟಿ ಮಳೆ ಬೀಳ್ತದೆ. ಜೂನಿನಿಂದ ಸೆಪ್ಟೆಂಬರ್ ತನಕ ಬೆಲ್ಟು, ಚಪ್ಪಲಿ, ಮದುವೆ ಆಲ್ಬಮ್ ಎಲ್ಲಕ್ಕೂ ಬಿಳಿ ಹಿಡಿಯುವ ಊರಲ್ಲಿ ಫ್ಲಾಪಿ ಮಾತ್ರ ಉಳಿದೀತಾ? ತಂದ ಡಿಸ್ಕ್ ನೋಡಿಯೇ ಯಾವ ಕಡೆಯದು ಅಂತ ನಾನು ಅಂದಾಜು ಹೇಳ್ತೇನೆ. ಕುಶಾಲನಗರದ್ದಾದರೆ ಹೆಚ್ಚಾಗಿ ಶುಭ್ರ. ಭಾಗಮಂಡಲ, ನಾಪೋಕ್ಲು ಕಡೆಯದಾದರೆ ಮುಚ್ಚಳ ಸರಿಸುವ ಮೊದಲೇ ವಾಸನೆ ಬರ್ತದೆ.

ನೋಡುವ ಕ್ರಮ: ಲೋಹದ ಮುಚ್ಚಳವನ್ನು ಬೆರಳಿನಿಂದ ಸರಿಸಿ ಹಿಡಿದು, ಹಿಂಬದಿಯ ಲೋಹದ ಗುಂಡಿಯನ್ನು ನಿಧಾನ ತಿರುಗಿಸುತ್ತಾ ಟಾರ್ಚನ್ನು ಓರೆಯಾಗಿ ಬಿಡಿ. ಒಳಗಿನ ತಟ್ಟೆ ಒಂದೇ ಸಮ ಕಪ್ಪಗೆ, ಕಂದಗೆ ಹೊಳೆಯಬೇಕು. ಬಿಳಿ ಚುಕ್ಕೆ, ಜೇಡರ ಬಲೆಯಂಥ ಮಬ್ಬು ಕಂಡರೆ ಬೂಷ್ಟು. ಉಂಗುರದಂಥ ಗೀರು ಕಂಡರೆ ಯಾರೋ ಆಗಲೇ ಬೂಷ್ಟಿನ ಸಮೇತ ಡ್ರೈವಿಗೆ ಹಾಕಿದ್ದಾರೆ.

ಹಾಕಿದರೆ ಏನಾಗ್ತದೆ ಅನ್ನುವುದನ್ನು ನಾನು ಕೈಸುಟ್ಟುಕೊಂಡು ಕಲಿತೆ. ಹತ್ತು ಡಿಸ್ಕಿನ ಒಂದು ಪೆಟ್ಟಿಗೆ. ಮೊದಲನೆಯದನ್ನು ನೋಡದೆ ತೂರಿಸಿದೆ, ಕಿರ್ರ್ ಅಂತ ಸದ್ದು, ಓದಲಿಲ್ಲ. ಹಾಳಾಗಿದೆ ಅಂದುಕೊಂಡು ಎರಡನೆಯದು, ಮೂರನೆಯದು ಹಾಕಿದೆ. ಅವೂ ಓದಲಿಲ್ಲ. ತೆಗೆದು ನೋಡಿದರೆ ಮೊದಲನೆಯದರ ಕೊಳೆ ಹೆಡ್ಡಿಗೆ ಅಂಟಿ, ಶುಭ್ರವಾಗಿದ್ದ ಎರಡು ಡಿಸ್ಕನ್ನೂ ಕೆರೆದು ಹಾಕಿತ್ತು. ತಂದವರಿಗೆ ಹೇಳುವಾಗ ನನ್ನ ಮುಖ ಹೇಗಿತ್ತೋ. ಕಿರ್ರ್ ಅಂದ ಕೂಡಲೇ ತೆಗೆಯಿರಿ, ಹೆಡ್ಡು ಒರೆಸದೆ ಇನ್ನೊಂದು ಡಿಸ್ಕ್ ಮುಟ್ಟಬೇಡಿ.

ತೊಳೆಯುವುದಕ್ಕೆ 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಬೇಕು. ಮೆಡಿಕಲ್ ಅಂಗಡಿಯ ಸ್ಪಿರಿಟ್ ಬೇಡ, ಅದರಲ್ಲಿ ನೀರು, ಎಣ್ಣೆಯಂಥ ಬೆರಕೆ ಇರಬಹುದು. ಕಿವಿಯ ಹತ್ತಿಕಡ್ಡಿಯನ್ನು ಅದ್ದಿ, ಒತ್ತದೆ ಇಟ್ಟು, ಗುಂಡಿ ತಿರುಗಿಸುತ್ತಾ ತಟ್ಟೆಯೇ ಕಡ್ಡಿಯ ಕೆಳಗೆ ಹೋಗುವಂತೆ ಮಾಡಿ. ಎರಡೂ ಬದಿ. ಕಡ್ಡಿ ಕಂದು ಬಣ್ಣಕ್ಕೆ ತಿರುಗಿದರೆ ನಿಲ್ಲಿಸಿ, ಬರ್ತಾ ಇರುವುದು ಕೊಳೆಯಲ್ಲ, ಬರಹ ಇರುವ ಲೇಪನವೇ. ಪೂರ್ತಿ ಒಣಗಲಿ. ಬಹಳ ಕೆಟ್ಟಿದ್ದರೆ ಚಿಪ್ಪು ಬಿಡಿಸಿ, ತಟ್ಟೆಯನ್ನು ತೆಗೆದು ಒರೆಸಿ, ಬೇರೊಂದು ಶುಭ್ರ ಚಿಪ್ಪಿಗೆ ಹಾಕಿ ಓದಿಸಬೇಕು, ಯಾಕೆಂದರೆ ಚಿಪ್ಪಿನ ಒಳಗಿನ ಬಟ್ಟೆಯ ಪದರದಲ್ಲೂ ಬೂಷ್ಟು ಕೂತಿರ್ತದೆ. ಐದೂಕಾಲು ಇಂಚಿನದಾದರೆ ಲಕೋಟೆಯ ಒಂದು ಅಂಚನ್ನು ಕತ್ತರಿಸಿ ತಟ್ಟೆ ಎಳೆಯುವುದು. ಮೂಗಿಗೆ ಮಾಸ್ಕ್ ಇರಲಿ.

2018ರ ಆಗಸ್ಟಿನ ಮಳೆಯಲ್ಲಿ ಕೆಸರು ನುಗ್ಗಿದ ಮನೆಯ ಡಿಸ್ಕ್‌ಗಳನ್ನೂ ನೋಡಿದ್ದೇನೆ. ಅವಕ್ಕೆ ಆಲ್ಕೊಹಾಲಿಗಿಂತ ಮೊದಲು ಡಿಸ್ಟಿಲ್ಡ್ ನೀರು, ಬ್ಯಾಟರಿಗೆ ಹಾಕುವ ನೀರೇ. ಮಣ್ಣಿನ ಕಣ ಉಳಿದಿರುವಾಗ ಒರೆಸಿದರೆ ಅದೇ ಗೀರ್ತದೆ.

ಒಣಗಿಸಲೆಂದು ಒಲೆಯ ಮೇಲಿನ ಅಟ್ಟದಲ್ಲೋ, ಬಿಸಿಲಲ್ಲೋ ಇಡಬೇಡಿ, ಮೆಣಸಲ್ಲ ಅದು. ಸಿಲಿಕಾ ಜೆಲ್ ಪೊಟ್ಟಣದ ಜೊತೆ ಗಾಳಿಯಾಡದ ಡಬ್ಬದಲ್ಲಿ ಎರಡು ಮೂರು ದಿನ ಇಡಿ.

"ಡಿಸ್ಕನ್ನು ಫಾರ್ಮ್ಯಾಟ್ ಮಾಡಬೇಕೇ" ಅಂತ ಕೇಳ್ತದೆ. ಹೌದು ಅನ್ನಲಾ?

ಬೇಡ. ಬೇಡ ಅಂದೆ.

ಕಂಪ್ಯೂಟರಿಗೆ ಓದಲು ಬರಲಿಲ್ಲ ಅನ್ನುವುದಷ್ಟೇ ಆ ಮಾತಿನ ಅರ್ಥ. ಹಾಕುವ ಮೊದಲೇ ಬರೆಯಲು ಆಗದಂತೆ ಬೀಗ ಹಾಕಿ: ಮೂರೂವರೆ ಇಂಚಿನದರಲ್ಲಿ ಮೂಲೆಯ ಗುಂಡಿ ಸರಿಸಿ ತೂತು ತೆರೆದಿದ್ದರೆ ಬೀಗ. ಐದೂಕಾಲು ಇಂಚಿನದರಲ್ಲಿ ಇದು ತಿರುಗುಮುರುಗು, ಅಂಚಿನ ಕಚ್ಚನ್ನು ಮುಚ್ಚಿದರೆ ಬೀಗ. ಇನ್ಸುಲೇಷನ್ ಟೇಪಿನ ಒಂದು ಚೂರು ಸಾಕು.

ಫೈಲುಗಳನ್ನು ನೇರ ಕಾಪಿ ಮಾಡಿಕೊಂಡರೆ ಸಾಲದಾ? ಇಮೇಜ್ ಯಾಕೆ?

ಹಳೇ ಡಿಸ್ಕು ಇನ್ನೆಷ್ಟು ಸಲ ತಿರುಗ್ತದೋ ಗೊತ್ತಿಲ್ಲ. ಮೊದಲ ಸಲವೇ ಶುರುವಿನಿಂದ ಕೊನೆವರೆಗೆ ಒಮ್ಮೆ ಓದಿ ಇಮೇಜ್ ತೆಗೆದಿಟ್ಟರೆ, ಮತ್ತೆ ಏನು ಹುಡುಕುವುದಿದ್ದರೂ ಅದರಲ್ಲೇ. ಅಳಿಸಿದ ಫೈಲುಗಳ ಅವಶೇಷವೂ ಇಮೇಜಿನಲ್ಲಿ ಉಳಿದಿರ್ತದೆ. ವಿಂಡೋಸಿನಲ್ಲಿ ವಿನ್‌ಇಮೇಜ್, ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ. ಎರಡನೆಯದು ನನಗೆ ಇಷ್ಟ, ಕಾರಣ ಅದು ಕೆಟ್ಟ ಸೆಕ್ಟರಿನಲ್ಲಿ ಹಟ ಹಿಡಿದು ಕೂರಲ್ಲ. ಸುಲಭವಾಗಿ ಸಿಗುವುದನ್ನೆಲ್ಲ ಮೊದಲು ಬಾಚಿಕೊಂಡು, ಸಿಗದ್ದನ್ನು ಪಟ್ಟಿ ಮಾಡಿ ಆಮೇಲೆ ಮರಳಿ ಹೋಗ್ತದೆ. ಕಾಫಿ ಕುಯ್ಯುವವರು ಕೈಗೆಟಕಿದ್ದು ಮೊದಲು, ಏಣಿ ಹಾಕುವುದು ಆಮೇಲೆ ಅನ್ನುವ ಹಾಗೆ.

ಒಳ್ಳೆ ಡಿಸ್ಕಿಗೆ ಒಂದೆರಡು ನಿಮಿಷ. ಕೆಟ್ಟದ್ದು ಅರ್ಧ ದಿನವನ್ನೂ ತಿಂದೀತು.

ಒಂದು ಡ್ರೈವಿನಲ್ಲಿ ಓದದ ಸೆಕ್ಟರು ಇನ್ನೊಂದರಲ್ಲಿ ಓದುವುದುಂಟು. ಡಿಸ್ಕು ಬರೆದ ಡ್ರೈವಿನ ಹೆಡ್ಡು ಸ್ವಲ್ಪ ಓರೆಯಾಗಿದ್ದರೆ ಬರಹವೂ ಓರೆ. ಅದು ಆ ಡ್ರೈವಿಗೇ ಚೆನ್ನಾಗಿ ಓದಲು ಬರುವುದು. ಆದ್ದರಿಂದ ಫ್ಲಾಪಿ ಇಟ್ಟುಕೊಂಡು ಅದರ ಜೋಡಿ ಕಂಪ್ಯೂಟರನ್ನು ಗುಜರಿಗೆ ಹಾಕಬೇಡಿ.

ಫೈಲು ಸಿಕ್ಕಿತು, ಆದರೆ ಕನ್ನಡದ ಬದಲು ಏನೇನೋ ಚಿಹ್ನೆ ಕಾಣಿಸ್ತದೆ. ಹಾಳಾಗಿದೆಯಾ?

ಹೆಚ್ಚಾಗಿ ಹಾಳಾಗಿಲ್ಲ. ಇಂಗ್ಲಿಷ್ ಅಕ್ಷರದ ತಲೆ ಮೇಲೆ ಗೀಟು, ನಡುನಡುವೆ ಪೌಂಡ್ ಚಿಹ್ನೆ ಕಾಣಿಸಿದರೆ ನಾನು ಖುಷಿಪಡ್ತೇನೆ. ಎಲ್ಲ ಲಿಪಿಗೂ ತನ್ನದೇ ಜಾಗ ಕೊಡುವ ಯುನಿಕೋಡ್ ಬಳಕೆಗೆ ಬರುವ ಮೊದಲು ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ನುಡಿ, ಬರಹ ಫಾಂಟುಗಳಲ್ಲಿ ಪೌಂಡ್ ಚಿಹ್ನೆಯ ಜಾಗದಲ್ಲಿ ಕೂತಿರುವುದು 'ನ'. ಫಾಂಟ್ ಇಲ್ಲದಿದ್ದರೆ ಪೌಂಡ್ ಕಾಣಿಸ್ತದೆ, ಅಷ್ಟೇ.

ಬರಹ ಬಂದದ್ದು 1998ರಲ್ಲಿ, ಕನ್ನಡ ಗಣಕ ಪರಿಷತ್ತಿನ ನುಡಿ ಅದರ ನಂತರ. ಅದಕ್ಕಿಂತ ಹಿಂದಿನದು, ಅಥವಾ ಪ್ರೆಸ್ಸಿನಲ್ಲಿ ಮಾಡಿಸಿದ್ದು ಆದರೆ ಶ್ರೀಲಿಪಿ ಇರಬಹುದು, ಅದರ ಅಕ್ಷರ ಜೋಡಣೆ ಬೇರೆ. ನುಡಿ, ಬರಹದ ಪಠ್ಯವನ್ನು ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಸುಲಭವಾಗಿ ಸಿಗ್ತವೆ. ಒತ್ತಕ್ಷರ, ಅರ್ಕಾವತ್ತು ಇರುವಲ್ಲಿ ತಪ್ಪುವುದುಂಟು, ಕಣ್ಣಾಡಿಸಲೇಬೇಕು. ಮೂಲ ಫೈಲನ್ನು ಹಾಗೇ ಇಟ್ಟುಕೊಳ್ಳಿ. ಅದರಲ್ಲಿ ಫಾಂಟಿನ ಹೆಸರು ಇರ್ತದೆ, ಬರೀ ಪಠ್ಯವಾಗಿ ಉಳಿಸಿದರೆ ಆ ಸುಳಿವು ಹೋಗ್ತದೆ.

ಕೊಡವ ತಕ್ಕ್‌ನಲ್ಲೋ ಅರೆಭಾಷೆಯಲ್ಲೋ ಬರೆದ ಹಾಡು, ಒಕ್ಕದ (ಕೊಡವ ಕುಟುಂಬ) ವಂಶಾವಳಿ ಇಂಥವುಗಳಲ್ಲಿ ಪರಿವರ್ತಕ ಮಾಡಿದ ತಪ್ಪು ಯಾವುದು, ಮೂಲದ ಉಚ್ಚಾರ ಯಾವುದು ಅಂತ ನನ್ನಂಥವನಿಗೆ ತಿಳಿಯಲ್ಲ. ಮನೆಯ ಹಿರಿಯರನ್ನು ಪಕ್ಕ ಕೂರಿಸಿಕೊಂಡೇ ನೋಡಿ.

ತೋಟದ ಲೆಕ್ಕದ ಫೈಲುಗಳು?

ಡಿಬೇಸ್, ಫಾಕ್ಸ್‌ಪ್ರೋ, ಲೋಟಸ್ 1-2-3 ಅನ್ನುವ ಹಳೇ ತಂತ್ರಾಂಶಗಳದ್ದಾದರೆ ಲಿಬ್ರೆಆಫೀಸಿನಲ್ಲಿ ಹೆಚ್ಚಿನವು ತೆರೆದುಕೊಳ್ತವೆ. ಹಳೇ ಕಾಲದ ಟೈಪಿಂಗ್ ತಂತ್ರಾಂಶ ವರ್ಡ್‌ಸ್ಟಾರ್ ಫೈಲಿನಲ್ಲಿ ಪದಗಳ ಕೊನೆಯ ಅಕ್ಷರ ಮಾತ್ರ ವಿಚಿತ್ರವಾಗಿ ಕಾಣ್ತದೆ, ಅದು ವರ್ಡ್‌ಸ್ಟಾರಿನ ಕ್ರಮವೇ ಹೊರತು ಹಾಳಾದದ್ದಲ್ಲ. ಹೆಸರಿಗೆ ಎಂಟೇ ಅಕ್ಷರ ಇದ್ದ ಕಾಲ, ಹಾಗಾಗಿ ಬಟವಾಡೆಯೂ ಬ್ಯಾಂಕಿನ ಪತ್ರವೂ ಒಗಟಿನಂಥ ಹೆಸರಲ್ಲಿರ್ತವೆ. ತೋಟದ ಹಳೇ ರೈಟರ್ ಇನ್ನೂ ಇದ್ದರೆ ಒಂದು ಫೋನ್ ಮಾಡಿ ಕೇಳಿ, ಒಂದು ವಾರದ ತಲೆನೋವು ಉಳೀತದೆ.

ಮ್ಯಾಕಿನಲ್ಲಿ ಆಗ್ತದಾ?

ಪಿಸಿಯಲ್ಲಿ ಬರೆದ 1.44 ಡಿಸ್ಕಾದರೆ ಯುಎಸ್‌ಬಿ ಡ್ರೈವಿನಲ್ಲಿ ಓದಬಹುದು. ಹಳೇ ಮ್ಯಾಕ್ ಫ್ಲಾಪಿಯ ಎಚ್‌ಎಫ್‌ಎಸ್ ಅನ್ನುವ ಫೈಲು ಜೋಡಣೆಯ ವ್ಯವಸ್ಥೆಯನ್ನು ಮಾತ್ರ ಆಪಲ್ 2019ರ ಕ್ಯಾಟಲೀನಾ ಆವೃತ್ತಿಯಿಂದ ಕೈಬಿಟ್ಟಿದೆ.

ನಮ್ಮ ಕಸೂತಿ ಮೆಷಿನ್ ಫ್ಲಾಪಿಯನ್ನೇ ಕೇಳ್ತದೆ. ಹೊಸ ಫ್ಲಾಪಿ ಎಲ್ಲೂ ಇಲ್ಲ.

ಇದು ಮೇಲಿನದಕ್ಕೆ ಉಲ್ಟಾ ಸಮಸ್ಯೆ. ಸೋನಿ 2011ರಲ್ಲೇ ಫ್ಲಾಪಿ ಮಾರುವುದನ್ನು ನಿಲ್ಲಿಸಿತು. ಈಗ ಸಿಗುವುದೆಲ್ಲ ಹಳೇ ದಾಸ್ತಾನು. ಮೆಷಿನ್ನಿನ ಡ್ರೈವ್ ಬಿಚ್ಚಿ ಆ ಜಾಗಕ್ಕೆ ಗೋಟೆಕ್ ಹಾಕಿ. ಅದು ಮೆಷಿನ್ನಿಗೆ ಫ್ಲಾಪಿ ಡ್ರೈವಿನ ಹಾಗೇ ನಡೆದುಕೊಳ್ತದೆ, ನೀವು ಚುಚ್ಚುವುದು ಪೆನ್ ಡ್ರೈವ್. ಕೊಳ್ಳುವ ಮೊದಲು ಮೆಷಿನ್ 1.44 ಬಳಸ್ತದಾ 720 ಬಳಸ್ತದಾ ಅಂತ ನೋಡಿ. ಬಿಚ್ಚಿದ ಡ್ರೈವನ್ನು ನನಗೆ ಕೊಡಿ, ಬಿಡಿಭಾಗಕ್ಕೆ ಆಗ್ತದೆ.

ಯಾವಾಗ ತಂದರೆ ಒಳ್ಳೆಯದು?

ತೋಟದವರಿಗೆ ಬಿಡುವು ಸಿಗುವುದು ಮಳೆಗಾಲದಲ್ಲಿ, ಹಾಗಾಗಿ ಎಲ್ಲರೂ ಜುಲೈಯಲ್ಲಿ ನೆಂದ ಕೊಡೆ, ನೆಂದ ಕವರಿನ ಸಮೇತ ಬರ್ತಾರೆ. ಡಿಸೆಂಬರಿನಿಂದ ಕುಯ್ಲು, ಕಣ, ಒಣಗಿಸುವುದು ಅಂತ ಯಾರಿಗೂ ಪುರುಸೊತ್ತಿಲ್ಲ, ಡಿಸ್ಕು ಒಣಗಿರುವುದು ಮಾತ್ರ ಆವಾಗಲೇ. ಕುಯ್ಲು ಮುಗಿದು ಕಣ ಖಾಲಿಯಾದ ಮೇಲೆ, ಕಾಫಿ ಹೂ ಬಿಡಿಸುವ ಹೂಮಳೆಯ ನಡುವಿನ ಬಿಸಿಲಲ್ಲಿ ತನ್ನಿ. ಅಷ್ಟರ ತನಕ ಡ್ರೈವಿಗೆ ಹಾಕಿ ನೋಡುವ ಆಸೆ ಬೇಡ.